ಗುರುತು ಹಾಕದ ಪೆನ್ ಡ್ರೈವ್

ಮಾರ್ಚ್ ೩, ಸೋಮವಾರ

ತಮ್ಮನ ಆಪರೇಷನ್ನಿನ ದಿನ ಗೊತ್ತಾಯಿತು. ಮುಂದಿನ ವಾರ, ಗುರುವಾರ. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕಂತೆ. ಡಾಕ್ಟರು ಹೇಳುತ್ತಿದ್ದರೆ ಅವನು ಗೋಡೆಯ ಮೇಲಿದ್ದ ಗಂಟಲಿನ ಚಿತ್ರವನ್ನು ನೋಡುತ್ತ ಕೂತಿದ್ದ. ಕೇಳಬೇಕಾದ್ದನ್ನೆಲ್ಲ ನಾನೇ ಕೇಳಿದೆ. ಜೀವಕ್ಕೆ ಅಪಾಯವಿಲ್ಲ. ಉಸಿರಾಡಲು ಕತ್ತಿನಲ್ಲಿ ಒಂದು ರಂಧ್ರ ಮಾಡುತ್ತಾರೆ. ಮಾತು ಮಾತ್ರ ಹೋಗುತ್ತದೆ.

ಡ್ರೈವಿಂಗ್ ಶಾಲೆಯಲ್ಲಿ ಹೊಸಬರ ಪಕ್ಕ ಕೂತು ‘ಕ್ಲಚ್, ಕ್ಲಚ್, ಕ್ಲಚ್ ಒತ್ರೀ’ ಎಂದು ಕೂಗಿಕೊಂಡೇ ಬದುಕಿದವನು ಇವನು. ಕಲಿಯಲು ಬರುವವರು ಇವನನ್ನು ಮೈಕಾಸುರ ಎನ್ನುತ್ತಾರೆ. ಇವನಿಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದಾರೆ. ಇವನಿಗೆ ಗೊತ್ತು, ಒಳಗೊಳಗೇ ಹೆಮ್ಮೆ ಕೂಡ.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹೆಂಗಸೊಬ್ಬರಿದ್ದಾರೆ. ಎಲ್ಲರೂ ಅವರನ್ನು ಸ್ಪೀಚ್ ಮೇಡಂ ಎನ್ನುತ್ತಾರೆ. ಅವರು ಮುನ್ನೂರು ವಾಕ್ಯಗಳ ಕಾಗದ ಕೊಟ್ಟರು. ಇವನು ಅಷ್ಟನ್ನೂ ಓದಿ, ಸ್ವಚ್ಛವಾಗಿ ರೆಕಾರ್ಡ್ ಮಾಡಿ, ಪೆನ್ ಡ್ರೈವಿನಲ್ಲಿ ತಂದುಕೊಟ್ಟರೆ ಒಂದು ಸಾಫ್ಟ್‌ವೇರ್ ಇವನ ದನಿಯನ್ನು ಕಲಿತುಕೊಳ್ಳುತ್ತದೆ. ಮುಂದೆ ಇವನು ಫೋನಿನಲ್ಲಿ ಏನು ಟೈಪ್ ಮಾಡಿದರೂ ಅದು ಇವನದೇ ದನಿಯಲ್ಲಿ ಹೇಳುತ್ತದೆ.

“ಆಪರೇಷನ್‌ಗೆ ಮುಂಚೆನೇ ಆಗ್ಬೇಕು. ಆಮೇಲೆ ಯಾರಿಂದಲೂ ಆಗಲ್ಲ,” ಎಂದರು.

“ಅದನ್ನ ನಂಗೆ ಬಿಡಿ,” ಎಂದೆ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಇಷ್ಟೂ ಮಾಡದಿದ್ದರೆ ಹೇಗೆ?

ಮಾರ್ಚ್ ೫, ಬುಧವಾರ

ಇಂದು ಪೆನ್ ಡ್ರೈವ್ ತಂದೆ. ಅಂಗಡಿಯ ಡ್ರಾಯರಿನಲ್ಲಿ ಹತ್ತಾರು ಬಿದ್ದಿವೆ. ಎಲ್ಲ ಯಾರ್ಯಾರೋ ಬಿಟ್ಟುಹೋದವು, ಬಾಯಿ ಸಡಿಲಾದವು. ಈ ಕೆಲಸಕ್ಕೆ ಅವು ಬೇಡ. ಸಗಟು ಮಳಿಗೆಯಲ್ಲಿ ನಿಂತು ಒಂದೊಂದೇ ನೋಡಿ ಆರಿಸಿದೆ. ಮಳಿಗೆಯವನು ಉಗುರಿನಷ್ಟು ಚಿಕ್ಕದೊಂದನ್ನು ಮುಂದೆ ಹಿಡಿದ. ಊರಿನವರ ಫೋಟೋಗಳನ್ನೆಲ್ಲ ತುಂಬಿದರೂ ಜಾಗ ಉಳಿಯುತ್ತದೆ ಎಂದು ಅದರ ಡಬ್ಬಿಯ ಮೇಲೆ ಬರೆದಿತ್ತು.

“ಅದು ಬರೀ ಹೇಳ್ಕೊಳೋಕೆ. ಸ್ವಲ್ಪ ತುಂಬಿಸಿ ನೋಡಿ, ಹಳೇದರ ಮೇಲೇ ಹೊಸದು ಬರ್ಕೊಂಡು ಹೋಗುತ್ತೆ,” ಎಂದೆ. ಅವನು ನಕ್ಕು ಒಳಗಿಟ್ಟ.

ಪ್ಲಾಸ್ಟಿಕ್ಕಿನದು ಬೇಡ, ಜೇಬಿನಲ್ಲಿ ಮುರಿಯುತ್ತದೆ. ಮುಚ್ಚಳದ್ದು ಬೇಡ, ಮುಚ್ಚಳ ಕಳೆಯುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಓದುವ ವೇಗ, ಬರೆಯುವ ವೇಗದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಕೊನೆಗೆ ಒಳ್ಳೆಯ ಹೆಸರಿರುವ ಕಂಪನಿಯ, ಕಪ್ಪು ಲೋಹದ, ಕೀಲಿಗೊಂಚಲಿಗೆ ಸಿಕ್ಕಿಸುವಂಥದನ್ನು ಒಪ್ಪಿದೆ. ಜೋಡಿಯಾಗಿ ಮಾತ್ರ ಮಾರುತ್ತಿದ್ದರು. ಇರಲಿ, ಒಂದು ತಮ್ಮನ ದನಿಗೆ, ಇನ್ನೊಂದು ಅಂಗಡಿಗೆ. ಗಿರಾಕಿಗಳ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಲು ನಾನು ಬಳಸುವ ಹಳೆಯ ಡ್ರೈವು ಇಂದೋ ನಾಳೆಯೋ ಕೈಕೊಡುವಂತಿದೆ. ಅಂಗಡಿಗೆ ಬಂದು ಎರಡನ್ನೂ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ಪರೀಕ್ಷೆ ಮಾಡಿದೆ. ಎರಡೂ ಗಟ್ಟಿ.

ಸಂಜೆ ತಮ್ಮನಿಗೆ ತೋರಿಸಿದೆ. ದನಿ ಗೊಗ್ಗರಾಗಿದೆ ಪಾಪ, ಆದರೂ ಸುಮ್ಮನಿರುವವನಲ್ಲ.

“ಎರಡೂ ಒಂದೇ ಥರ ಇದಾವಲ್ಲಕ್ಕ. ಒಂದಕ್ಕೆ ದಾರಾನೋ ಏನೋ ಕಟ್ಟು.”

“ನಂಗೊತ್ತಿರುತ್ತೆ ಕಣೋ. ಬೆಳಗಾದ್ರೆ ಇದೇ ಕೆಲಸ ನಂದು.”

ಮಾರ್ಚ್ ೮, ಶನಿವಾರ

ರೆಕಾರ್ಡಿಂಗ್ ಶುರುವಾಯಿತು. ಮನೆಯಲ್ಲಿ ಫ್ಯಾನು, ಮಿಕ್ಸಿ, ಮೇಲಿನ ಮನೆಯವರ ಕುರ್ಚಿ ಎಳೆದಾಟ. ಕೊನೆಗೆ ಅವನ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತೆವು. ಅವನು ಎಂದಿನಂತೆ ಎಡಗಡೆ, ನಾನು ಸ್ಟೀರಿಂಗ್ ಮುಂದೆ, ಮಡಿಲಲ್ಲಿ ಲ್ಯಾಪ್‌ಟಾಪ್. “ಈ ಸೀಟಲ್ಲಿ ಕೂತ್ರೇನೇ ನಂಗೆ ಬಾಯಿ ಬರೋದು,” ಎಂದ. ಲ್ಯಾಪ್‌ಟಾಪಿನಲ್ಲಿ ಜಾಗವಿರಲಿಲ್ಲವಾದ್ದರಿಂದ ನೇರ ಪೆನ್ ಡ್ರೈವಿಗೇ ರೆಕಾರ್ಡ್ ಆಗುವಂತೆ ಮಾಡಿದೆ. ಇರುವುದರಲ್ಲೇ ಅತಿ ಉತ್ತಮ ಗುಣಮಟ್ಟ. ಫೈಲುಗಳು ಭಾರಿ ದೊಡ್ಡವಾಗುತ್ತವೆ, ಆದರೆ ರೆಕಾರ್ಡಿಂಗ್ ನೀರಿನಷ್ಟು ತಿಳಿಯಾಗಿ ಬರುತ್ತದೆ.

ವಾಕ್ಯಗಳೋ, ಒಂದಕ್ಕೊಂದು ಸಂಬಂಧವಿಲ್ಲ. ‘ನನ್ನ ಛತ್ರಿ ಎಲ್ಲಿದೆ?’ ‘ನೀಲಿ ಬಣ್ಣದ ಬಾಗಿಲನ್ನು ಮೆಲ್ಲಗೆ ಮುಚ್ಚಿ.’ ಎಲ್ಲವನ್ನೂ ಹೊಸ ಡ್ರೈವರನಿಗೆ ಆಜ್ಞೆ ಕೊಟ್ಟಂತೆ ಓದುತ್ತಾನೆ.

“ಛತ್ರಿ ಅನ್ನು. ಚತ್ರಿ ಅಲ್ಲ.”

“ಚತ್ರಿ ಅಂದ್ರೆ ಮಳೆ ಒಳಗೆ ಬರುತ್ತಾ?”

ಹೀಗೆ ಮಾಡಿದರೆ ಮುಗಿದ ಹಾಗೇ. ನಾಳೆಯಿಂದ ಸ್ವಲ್ಪ ಬಿಗಿ ಮಾಡಬೇಕು.

ಮಾರ್ಚ್ ೧೧, ಮಂಗಳವಾರ

ಮುನ್ನೂರೂ ಮುಗಿಯಿತು. ಅವನ ಬಾಯಿಗೆ ಕಡಿವಾಣ ಹಾಕಿ ಹಾಕಿ ನನಗೇ ಸಾಕಾಯಿತು. ಒಂದು ಓದಿದರೆ ಎರಡು ಹರಟೆ. ಲ್ಯಾಪ್‌ಟಾಪಿನ ಬ್ಯಾಟರಿ ಬೇರೆ ಇಳಿಯುತ್ತಿತ್ತು. ಅಂತೂ ಎಳೆದುಕೊಂಡು ದಡ ಮುಟ್ಟಿಸಿದೆ. ತಮ್ಮನ ಹೆಂಡತಿ, “ಅತ್ತಿಗೆ, ಚಹಾ ಇಟ್ಟಿದೀನಿ, ಸ್ವಲ್ಪ ಹೊತ್ತು ಅವರ ಜೊತೆ ಕೂತ್ಕೊಳ್ಳಿ,” ಎಂದಳು. ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿಟ್ಟು ಬಂದಿದ್ದೆ, ಹೊರಟೆ.

ಇದರದೊಂದು ಕಾಪಿ ಅಂಗಡಿಯ ಕಂಪ್ಯೂಟರಿಗೆ ಹಾಕಬೇಕು. ನಾಳೆ.

ಮಾರ್ಚ್ ೧೩, ಗುರುವಾರ

ಬೆಳಗ್ಗೆ ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಏನೋ ಹೇಳಲು ತಿರುಗಿದ. “ಏನೂ ಆಗಲ್ಲ, ಧೈರ್ಯವಾಗಿರು,” ಎಂದು ಕಳಿಸಿದೆ. ಅವನ ಹೆಂಡತಿ ಅವನ ಚಪ್ಪಲಿಗಳನ್ನು ಕವರಿನಲ್ಲಿ ಹಾಕಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಪೆನ್ ಡ್ರೈವನ್ನು ಸ್ಪೀಚ್ ಮೇಡಂ ಕೈಗೆ ಕೊಡೋಣವೆಂದರೆ ಅವರು ರಜೆಯಲ್ಲಿದ್ದಾರೆ, ಇಪ್ಪತ್ತನಾಲ್ಕಕ್ಕೆ ಬರುತ್ತಾರಂತೆ.

ಆ ಬೆಂಚಿನ ಮೇಲೆ ನನಗೆ ಕೂರಲಾಗಲಿಲ್ಲ. ಬಾಗಿಲು ತೆರೆದಾಗೆಲ್ಲ ಎದ್ದು ನಿಲ್ಲುತ್ತಿದ್ದೆ. ಅಂಗಡಿಗೆ ಬಂದುಬಿಟ್ಟೆ. ಗಿರಾಕಿ ಅಕೌಂಟೆಂಟರೊಬ್ಬರ ಲ್ಯಾಪ್‌ಟಾಪ್ ಕಾಯುತ್ತಿತ್ತು. ಬ್ಯಾಗಿನಿಂದ ಹೊಸ ಪೆನ್ ಡ್ರೈವ್ ತೆಗೆದು ಅದರಲ್ಲಿ ವಿಂಡೋಸ್ ಹಾಕುವ ವ್ಯವಸ್ಥೆ ಸಿದ್ಧ ಮಾಡಿದೆ. ಒಳ್ಳೆಯ ವೇಗವಿದೆ. ಅಕೌಂಟೆಂಟರದ್ದೂ ಇನ್ನೊಂದೂ ಮುಗಿಸಿದೆ. ಕೈಗೆ ಕೆಲಸವಿದ್ದರೆ ಮನಸ್ಸಿಗೆ ಎಷ್ಟೋ ವಾಸಿ.

ಆಪರೇಷನ್ ಮುಗಿದಾಗ ನಾನು ಅಲ್ಲಿರಲಿಲ್ಲ. ಫೋನ್ ಬಂತು. ಎಲ್ಲ ಸರಿಯಾಗಿದೆಯಂತೆ.

ಮಾರ್ಚ್ ೧೬, ಭಾನುವಾರ

ನೋಡಿಕೊಂಡು ಬಂದೆ. ಮೂಗಿಗೆ ನಳಿಕೆ, ಕತ್ತಿಗೆ ಬಟ್ಟೆ. ತುಟಿ ಅಲ್ಲಾಡಿಸಿದ. ನೀರಾ? ದಿಂಬು ಎತ್ತರ ಮಾಡಲಾ? ಲೈಟು ಆರಿಸಲಾ? ನರ್ಸ್ ಕರೀಲಾ? ಎಲ್ಲವನ್ನೂ ಕೇಳಿದೆ. ಕಣ್ಣು ಮುಚ್ಚಿಕೊಂಡ. ದಣಿದಿರಬೇಕು.

ಮಾರ್ಚ್ ೨೪, ಸೋಮವಾರ

ಬರೆಯಲು ಕೈ ಬರುತ್ತಿಲ್ಲ.

ಸ್ಪೀಚ್ ಮೇಡಂ ತಮ್ಮ ಕಂಪ್ಯೂಟರಿಗೆ ಪೆನ್ ಡ್ರೈವ್ ಸಿಕ್ಕಿಸಿದರು. ಖಾಲಿ. “ಬೇರೆ ತಂದಿರ್ಬೇಕು, ನೋಡಿ,” ಎಂದರು. ನಾನು ನಕ್ಕೆ. ಹೌದು, ಜೋಡಿ ತಂದಿದ್ದೆ, ಇನ್ನೊಂದು ಅಂಗಡಿಯಲ್ಲಿದೆ, ಈಗ ತರುತ್ತೇನೆ ಎಂದೆ. ಎದ್ದು ಬಾಗಿಲ ತನಕ ಬಂದೆ. ಆಗ ಕಾಲು ಅಲ್ಲೇ ನಿಂತಿತು.

ಅಂಗಡಿಯಲ್ಲಿರುವುದು ವಿಂಡೋಸ್ ಹಾಕುವ ಡ್ರೈವ್. ಆಪರೇಷನ್ನಿನ ದಿನ ಎರಡೂ ನನ್ನ ಬ್ಯಾಗಿನಲ್ಲೇ ಇದ್ದವು. ಅದನ್ನು ಸಿದ್ಧ ಮಾಡುವ ಮುಂಚೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೆ? ದಿನಾ ಒತ್ತುವ ಹಾಗೆ ಅಂದೂ ‘ಹೌದು’ ಒತ್ತಿದ್ದೆ. ಓದಲೂ ಇಲ್ಲ.

ನಾಳೆ ನಾಳೆ ಎಂದುಕೊಂಡ ಕಾಪಿಯನ್ನೂ ಮಾಡಿರಲಿಲ್ಲ.

ಮಾರ್ಚ್ ೨೫, ಮಂಗಳವಾರ

ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರು ನನ್ನ ಬಳಿ ಮೂರಿವೆ. ಮೂರನ್ನೂ ಓಡಿಸಿದೆ. ಬರೀ ಅಳಿಸಿದ್ದರೆ ಸಿಗುತ್ತಿತ್ತು. ಅಳಿಸಿದ ಜಾಗದ ಮೇಲೆ ಬೇರೆಯದನ್ನು ಬರೆದಾಗಿದೆ. ಮೊದಲ ದಿನಗಳ ಓದು ಇದ್ದ ಕಡೆ ಈಗ ವಿಂಡೋಸ್ ಕೂತಿದೆ. ಕೊನೆಯ ದಿನದ ಕೆಲವು ತುಣುಕುಗಳು ಮಾತ್ರ ಸಿಕ್ಕಿವೆ. ಇಂಥದ್ದನ್ನೇ ಮಾಡುವ ದೊಡ್ಡ ಅಂಗಡಿಗೂ ಒಯ್ದೆ. ಅಲ್ಲಿಯ ಮನುಷ್ಯ ಕನ್ನಡಕ ತೆಗೆದಿಟ್ಟು, “ಅಮ್ಮಾ, ಮೇಲೆ ಬರ್ದಿದ್ದು ಹೋಗಿದ್ದೇ,” ಎಂದ. ಇದೇ ಮಾತನ್ನು ನಾನು ಎಷ್ಟು ಜನರಿಗೆ ಹೇಳಿ, ಮುಂದಿನ ಗಿರಾಕಿಯ ಕಡೆ ತಿರುಗಿದ್ದೇನೋ.

ಸ್ಪೀಚ್ ಮೇಡಂಗೆ ಫೋನ್ ಮಾಡಿದೆ. ತುಣುಕುಗಳು ಸಾಲವು ಎಂದರು. ಹಳೆಯ ವಿಡಿಯೋಗಳಿವೆಯೇ ಎಂದು ಕೇಳಿದರು. ಇವೆ, ಆದರೆ ಎಲ್ಲದರಲ್ಲೂ ಜನ, ಹಾಡು, ಗಾಡಿಗಳ ಸದ್ದು. ದನಿಯ ಸಂದೇಶವನ್ನು ಅವನು ಎಂದೂ ಕಳಿಸಿದವನಲ್ಲ, ನೇರ ಫೋನ್ ಮಾಡುತ್ತಿದ್ದ.

“ಅವರಿಗೆ ಹೇಳಿದೀರಾ?” ಎಂದು ಕೇಳಿದರು.

ಇಲ್ಲ.

ಮಾರ್ಚ್ ೨೭, ಗುರುವಾರ

ಹೇಳಿದೆ.

ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅವನು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಮಡಿಲಲ್ಲಿ ಬರೆದು ಒರೆಸುವ ಬಿಳಿ ಹಲಗೆ. ಅವನ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಎರಡೂ ಒಂದೇ ಥರ ಇದ್ದವು, ಅಂದು ನನ್ನ ತಲೆ ಸರಿಯಿರಲಿಲ್ಲ, ಹೀಗೆ ಏನೇನೋ. ಅವನ ಮುಖ ನೋಡಿದ ಮೇಲೆ ಅದಾವುದೂ ಬರಲಿಲ್ಲ.

“ನಿನ್ನ ರೆಕಾರ್ಡಿಂಗ್ ಹೋಯ್ತು ಕಣೋ. ನಾನೇ ಅಳಿಸ್ಬಿಟ್ಟೆ. ಗೊತ್ತಾಗ್ದೆ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತ. ಬಾಯಿ ತೆರೆದ. ಅವನು ಕೂಗಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಕತ್ತಿನ ನರ ಉಬ್ಬುತ್ತದೆ, ಬಲಗೈ ಗಾಳಿಯಲ್ಲಿ ಓಡಾಡುತ್ತದೆ. ಎಲ್ಲ ಹಾಗೆಯೇ ಇತ್ತು. ಸದ್ದು ಮಾತ್ರ ಇರಲಿಲ್ಲ. ಕತ್ತಿನ ರಂಧ್ರದಿಂದ ಉಸಿರು ಬುಸ್ ಬುಸ್ ಎಂದು ಬರುತ್ತಿತ್ತು. ನಾನು ನೆಲ ನೋಡಿದೆ.

ಕೂತು ಹಲಗೆಯ ಮೇಲೆ ಬರೆದ. ‘ಇನ್ನೊಂದು ಕಾಪಿ?’

ಅಂಗಡಿಗೆ ಬಂದವರಿಗೆಲ್ಲ ನಾನು ಅದನ್ನೇ ಉಪದೇಶ ಮಾಡುವುದು ಅವನಿಗೆ ಗೊತ್ತು.

“ಮಾಡಿರ್ಲಿಲ್ಲ.”

ಹಲಗೆ ಒರೆಸಿದ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಅವನ ಹೆಂಡತಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. “ಅತ್ತಿಗೆ, ಸದ್ಯಕ್ಕೆ ಬರ್ಬೇಡಿ. ನಾನೇ ಫೋನ್ ಮಾಡ್ತೀನಿ,” ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಏಪ್ರಿಲ್ ೨, ಬುಧವಾರ

ಫೋನ್ ಇಲ್ಲ.

ಏಪ್ರಿಲ್ ೫, ಶನಿವಾರ

ಅಂಗಡಿಯ ರೇಡಿಯೋ ಹಾಕಲು ಮನಸ್ಸಾಗುತ್ತಿಲ್ಲ. ಅಕೌಂಟೆಂಟರು ಬಂದಿದ್ದರು. ಲ್ಯಾಪ್‌ಟಾಪ್ ಈಗ ಕುದುರೆಯ ಹಾಗೆ ಓಡುತ್ತಿದೆಯಂತೆ. ನಾನು ಅಂದು ಸಿದ್ಧ ಮಾಡಿದ ಡ್ರೈವಿನಿಂದಲೇ ಅಲ್ಲವೇ ಅದು ಓಡುತ್ತಿರುವುದು. “ಯಾಕೆ ಮೇಡಂ, ಮೆತ್ತಗಾಗ್ಬಿಟ್ಟಿದೀರ? ನಾನು ಬಂದಾಗಿಂದ ಒಂದು ಸಲನೂ ಬೈದಿಲ್ವಲ್ಲ,” ಎಂದರು. ಸ್ವಲ್ಪ ನೆಗಡಿ ಎಂದೆ. ಹೋಗದೆ ಕೂತು ಮಗಳ ಓದಿನ ವಿಷಯ, ಮಂಡಿನೋವಿನ ವಿಷಯ ಹೇಳಿದರು. ಬಹಳ ದಿನದಿಂದ ಮಂಡಿನೋವಂತೆ. ಇಷ್ಟು ಸಲ ಬಂದಿದ್ದಾರೆ, ನನಗೆ ತಿಳಿದೇ ಇರಲಿಲ್ಲ.

ಏಪ್ರಿಲ್ ೯, ಬುಧವಾರ

ತಮ್ಮನ ಹೆಂಡತಿ ಅಂಗಡಿಗೇ ಬಂದಳು. ನಿಂತುಕೊಂಡೇ, “ಏನೋ ತುಣುಕು ಸಿಕ್ಕಿದೆ ಅಂತ ಸ್ಪೀಚ್ ಮೇಡಂ ಹೇಳಿದ್ರು. ಅದನ್ನ ನಂಗೆ ಹಾಕ್ಕೊಡಿ ಅತ್ತಿಗೆ. ಅವರಿಗೆ ಈಗ್ಲೇ ಹೇಳ್ಬೇಡಿ,” ಎಂದಳು. ಮಾತು ಮುಗಿಸಲಾಗದೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಅದು ಬೇಕಾಗಿದ್ದದ್ದು ಸಾಫ್ಟ್‌ವೇರಿಗಲ್ಲ.

ಅವಳು ಹೋದ ಮೇಲೆ ಹೊಸದಾಗಿ ಎರಡು ಡ್ರೈವ್ ತಂದೆ, ಒಂದು ಕೆಂಪು, ಒಂದು ಬಿಳಿ. ಎರಡರ ಮೇಲೂ ಅವನ ಹೆಸರು ಅಂಟಿಸಿದೆ. ತುಣುಕುಗಳನ್ನು ಎರಡಕ್ಕೂ ಹಾಕಿದೆ, ಅಂಗಡಿಯ ಕಂಪ್ಯೂಟರಿಗೂ ಹಾಕಿದೆ. ಸರಿಯಾಗಿ ಬಂದಿವೆಯೋ ನೋಡಬೇಕಲ್ಲ, ಬಾಗಿಲು ಅರ್ಧ ಎಳೆದು ಕೂತು ಮೊದಲಿಂದ ಕೊನೆಯವರೆಗೆ ಕೇಳಿದೆ. ಇಷ್ಟು ದಿನ ಧೈರ್ಯವಾಗಿರಲಿಲ್ಲ.

ಹೆಚ್ಚಿನ ತುಣುಕುಗಳಲ್ಲಿ ಇರುವುದು ನನ್ನ ದನಿ. ಸರಿಯಾಗಿ ಹೇಳು. ಇನ್ನೊಂದ್ಸಲ. ಬೇಗ. ಅವನು ನಗುತ್ತಾನೆ, ನಗುವಿನ ಮೇಲೆ ನಾನು. ಅವನು ಉಸಿರು ಎಳೆದುಕೊಳ್ಳುತ್ತಾನೆ, ಅದರ ಮೇಲೂ ನಾನು. ಒಂದು ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವನು ಓದುವ ದನಿ ಬಿಟ್ಟು ಬೇರೆಯೇ ದನಿಯಲ್ಲಿ, ಮೆಲ್ಲಗೆ, “ಅಕ್ಕಾ, ನಂಗ್ಯಾಕೋ...” ಎನ್ನುತ್ತಾನೆ.

“ಮುಂದಿನದು ಓದು, ಮುಂದಿನದು. ಬ್ಯಾಟರಿ ಹೋಗುತ್ತೆ.”

‘ಈ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಅಂಚೆ ಕಚೇರಿ ಸಿಗುತ್ತದೆ,’ ಎಂದು ಅವನು ಓದುತ್ತಾನೆ. ತುಣುಕು ಅಲ್ಲಿಗೆ ಮುಗಿಯುತ್ತದೆ.

ಎಷ್ಟು ಸಲ ಕೇಳಿದೆನೋ. ನಂಗ್ಯಾಕೋ ಏನು? ಭಯವೇ? ಬೇಸರವೇ? ಹಸಿವೆಯೇ? ಅವನು ಒಂದನೇ ಕ್ಲಾಸಿಗೆ ಸೇರಿದ ದಿನ ಟೀಚರ್ ಅವನ ಹೆಸರು ಕೇಳಿದ್ದರು. ಪಕ್ಕದಲ್ಲಿದ್ದ ನಾನು ಹೇಳಿದೆ. ವಯಸ್ಸು ಕೇಳಿದರು, ಅದನ್ನೂ ನಾನೇ ಹೇಳಿದೆ. ಮನೆಯಲ್ಲಿ ಎಲ್ಲರೂ ಜಾಣೆ ಎಂದರು.

ಏಪ್ರಿಲ್ ೧೮, ಶುಕ್ರವಾರ

ಫೋನ್ ಬಂತು. “ಬನ್ನಿ ಅತ್ತಿಗೆ, ಅವರೇ ಕರೀತಿದಾರೆ.”

ಸ್ಪೀಚ್ ಮೇಡಂ ಬಂದಿದ್ದರು. ಕತ್ತಿಗೆ ಸಣ್ಣ ಯಂತ್ರ ಹಿಡಿದು ಮಾತಾಡಲು ಕಲಿಯುವುದು ಇನ್ನೂ ಕೆಲವು ತಿಂಗಳ ಮಾತು. ಕಲಿತರೂ ಅವನ ಮೊದಲಿನ ದನಿ ಬರುವುದಿಲ್ಲ. ಸದ್ಯಕ್ಕೆ ಫೋನಿನಲ್ಲಿರುವ ಸಿದ್ಧ ದನಿಗಳಲ್ಲಿ ಒಂದನ್ನು ಆರಿಸಬೇಕು. ಒಂದೊಂದನ್ನೇ ಕೇಳಿಸಿದರು. ಮೊದಲನೆಯದು ವಾರ್ತೆ ಓದುವವನ ಹಾಗಿತ್ತು, ಎರಡನೆಯದು ಜ್ವರ ಬಂದವನ ಹಾಗೆ. ಮೂರನೆಯದು ಇವನಿಗೆ ಸ್ವಲ್ಪ ಹೊಂದುತ್ತದೆ ಎನಿಸಿತು. ಅವನು ಆರಿಸಲಿ ಎಂದು ಸುಮ್ಮನಿದ್ದೆ. ಅವನು ವಾರ್ತೆಯವನನ್ನೇ ಆರಿಸಿದ. ಟೈಪ್ ಮಾಡತೊಡಗಿದ. ಒಂದೇ ಬೆರಳು, ಅಕ್ಷರ ಹುಡುಕಿ ಹುಡುಕಿ. ಕಾಯುತ್ತ ಕೂತೆವು. ಕೊನೆಗೆ ಫೋನು ಗಂಭೀರವಾಗಿ, “ಕ್ಲಚ್ ಒತ್ರೀ,” ಎಂದಿತು. ಅವನ ಹೆಂಡತಿ ನಕ್ಕಳು, ನಗುತ್ತಲೇ ಒಳಗೆ ಎದ್ದುಹೋದಳು.

ಮೇಡಂ ಹೋದ ಮೇಲೆ ಕೇಳಿದೆ. ಕೇಳಬಾರದಿತ್ತೇನೋ.

“ಆವತ್ತು ಕಾರಲ್ಲಿ ಏನೋ ಹೇಳಕ್ಕೆ ಹೊರಟಿದ್ದೆ. ‘ಅಕ್ಕಾ, ನಂಗ್ಯಾಕೋ’ ಅಂದೆ. ನಾನು ಬಿಡ್ಲಿಲ್ಲ. ಏನದು?”

ಅವನು ನನ್ನನ್ನು ನೋಡಿದ. ನಿಜವಾಗಿಯೂ ಯೋಚಿಸಿದ, ಹುಬ್ಬು ಗಂಟಿಕ್ಕಿ, ಸೂರು ನೋಡಿ. ನಾನು ಕಾದೆ. ಫೋನ್ ಬಿಟ್ಟು ಹಲಗೆ ತೆಗೆದುಕೊಂಡು ಬರೆದ.

‘ನೆನಪಿಲ್ಲ.’

ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಸುಳ್ಳು ಬರುವುದಿಲ್ಲ.

ಏಪ್ರಿಲ್ ೨೭, ಭಾನುವಾರ

ಅಂಗಡಿ ಮುಚ್ಚಿ ತಮ್ಮನ ಮನೆಯಲ್ಲೇ ಇದ್ದೆ. ಅವನು ಬರೆದ, ನಾನು ಓದಿದೆ. ಹೆಚ್ಚೇನಿಲ್ಲ. ಪಕ್ಕದ ಮನೆಯವರ ಗಾಡಿ ನಿಲ್ಲಿಸುವ ರೀತಿಯ ಬಗ್ಗೆ ಅವನಿಗೆ ಬಹಳ ಆಕ್ಷೇಪವಿದೆ, ಹಲಗೆ ಮೂರು ಸಲ ತುಂಬಿತು. ಸಿಟ್ಟು ಪೂರ್ತಿ ಹೋಗಿಲ್ಲ. ಅವನ ಹೆಂಡತಿ ಹಾಕಿದ ಹಳೆಯ ವಿಡಿಯೋದಲ್ಲಿ ಅವನ ದನಿ ಕೇಳಿಸಿದಾಗ ಎದ್ದು ಹೊರಗೆ ಹೋದ. ನಾನು ಹಿಂದೆ ಹೋಗಲಿಲ್ಲ. ಅವನೇ ಬಂದ.

ಮೇ ೧೪, ಬುಧವಾರ

ಈ ವಾರದಿಂದ ಅವನು ಡ್ರೈವಿಂಗ್ ಶಾಲೆಗೆ ಹೋಗುತ್ತಿದ್ದಾನೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಲ ಬಡಿದರೆ ಕ್ಲಚ್, ಎರಡು ಸಲ ಬಡಿದರೆ ಬ್ರೇಕ್. ಕಲಿಯುವವರಿಗೆ ಮೊದಲಿಗಿಂತ ಈಗಲೇ ಹೆಚ್ಚು ಹೆದರಿಕೆಯಂತೆ.

ಮಧ್ಯಾಹ್ನ ಅಂಗಡಿಯಲ್ಲಿ ಚಹಾ ಬಗ್ಗಿಸಿಕೊಳ್ಳುವಾಗ ನನ್ನ ಫೋನ್ ಹೊಡೆದುಕೊಂಡಿತು. ಅವನ ನಂಬರು. ಆಪರೇಷನ್ ಆದ ಮೇಲೆ ಅವನು ಕರೆ ಮಾಡಿರಲೇ ಇಲ್ಲ. ಎಲ್ಲ ಟೈಪ್ ಮಾಡಿದ ಸಂದೇಶವೇ. ಏನೋ ಆಗಿದೆ ಎಂದು ಗಾಬರಿಯಾಯಿತು.

“ಹೇಳು,” ಎಂದೆ.

ಆ ಕಡೆ ಮಾತಿಲ್ಲ. ಏನಾಯ್ತೋ, ಎಲ್ಲಿದೀಯೋ, ಯಾರಾದ್ರೂ ಇದಾರಾ ಎಂದು ಕೇಳಲು ಬಾಯಿ ತೆರೆದಿದ್ದೆ. ಆಗ ಉಸಿರು ಕೇಳಿಸಿತು. ಕತ್ತಿನಿಂದ ಬರುವ, ಸ್ವಲ್ಪ ಶಿಳ್ಳೆಯಂಥ ಅವನ ಉಸಿರು. ನಿಧಾನವಾಗಿತ್ತು, ಗಾಬರಿಯದ್ದಲ್ಲ. ಹಿಂದೆ ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ರಸ್ತೆಯ ಪಕ್ಕ ಎಲ್ಲೋ ನಿಲ್ಲಿಸಿಕೊಂಡು ಕೂತಿದ್ದಾನೆ.

ಗಿರಾಕಿಯೊಬ್ಬರು ಒಳಗೆ ಬಂದರು. ಕೈಸನ್ನೆ ಮಾಡಿ ಕೂರಿಸಿದೆ. ಚಹಾ ಅಲ್ಲೇ ಇತ್ತು. ಒಂದು ಬಸ್ಸು ಹಾದುಹೋಯಿತು, ಅವನ ಕಡೆ. ಉಸಿರು ಒಮ್ಮೆ ತಡೆಯಿತು, ಮತ್ತೆ ಬಂತು. ಸ್ವಲ್ಪ ಹೊತ್ತಿಗೆ ಇಂಡಿಕೇಟರ್ ನಿಂತಿತು. ಅವನೇ ಫೋನ್ ಇಟ್ಟ.

ಏನು ಹೇಳಿದನೋ ಗೊತ್ತಿಲ್ಲ. ಕೊನೆಯವರೆಗೂ ಕೇಳಿದೆ.